ಯಾವ ದಿನಕ್ಕೆ ಎಷ್ಟು ವಯಸ್ಸು?

ನೋಡು ಮಗಳೇ, ಪಂಚಾಯ್ತಿಯಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿದ್ದು ಕೇಳಿ ಸಂತೋಷವಾಯ್ತು. ನಮ್ಮ ಪಾಂಡವಪುರ ಉಪವಿಭಾಗದಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಅಂತ ನಾಲ್ಕು ತಾಲ್ಲೂಕು. ಅವುಗಳಲ್ಲಿ ಯಾವ ಊರಿನ ಪಟ್ಟಿ ಕೇಳಿದರೂ ವಯಸ್ಸಿನ ಕಾಲಂ ಒಂದು ಇದ್ದೇ ಇರುತ್ತೆ. ಒಬ್ಬರ ಪಿಂಚಣಿ, ಒಂದು ಮಗುವಿನ ದಾಖಲಾತಿ ಆ ಅಂಕಿಯ ಮೇಲೆ ನಿಂತಿರುತ್ತೆ. ಎಕ್ಸೆಲ್‌ನಲ್ಲಿ ಸೂತ್ರ ಹಾಕೋ ಮುಂಚೆ ಕೇಳಿಕೊಳ್ಳಬೇಕಾದ್ದು ಒಂದೇ: ಯಾವ ದಿನಕ್ಕೆ ಎಷ್ಟು ವಯಸ್ಸು?

ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. 2025–26ರಲ್ಲಿ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ಮತದಾರರ ಪಟ್ಟಿಗೆ 18 ತುಂಬುವ ಲೆಕ್ಕ ಮೊದಲು ಜನವರಿ 1ಕ್ಕೆ ಮಾತ್ರ ಇತ್ತು, 2022ರಿಂದ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಸೇರಿವೆ. ಎಲ್ಲದಕ್ಕೂ ಆಯಾ ದಿನದ ತಾರೀಖು ಕೊಡೋ ‘ಟುಡೇ’ ಹಾಕಿಬಿಟ್ಟರೆ, ಇವತ್ತು ಪ್ರಿಂಟ್ ತೆಗೆದ ಪಟ್ಟಿಗೂ ಮುಂದಿನ ತಿಂಗಳು ತೆರೆದು ನೋಡಿದ ಪಟ್ಟಿಗೂ ತಾಳೆ ಆಗಲ್ಲ. ಹಾಳೆಯ ಮೇಲುಗಡೆ ಒಂದು ಸೆಲ್‌ನಲ್ಲಿ ಬೇಕಾದ ದಿನಾಂಕ ಬರೆದಿಡು. ಸೂತ್ರದಲ್ಲಿ ಅದನ್ನೇ ಕೊಟ್ಟು ಎಫ್4 ಒತ್ತಿ ಡಾಲರ್ ಗುರುತು ಹಾಕಿದರೆ, ಕೆಳಕ್ಕೆ ಎಳೆದಾಗ ಜಾರಲ್ಲ.

ಸೂತ್ರದ ಹೆಸರು ಡೇಟ್‌ಡಿಫ್. ಎಕ್ಸೆಲ್ ತಾನಾಗಿ ಇದನ್ನು ಸೂಚಿಸಲ್ಲ, ನೀನೇ ಪೂರ್ತಿ ಟೈಪ್ ಮಾಡಬೇಕು. ಬ್ರಾಕೆಟ್‌ನಲ್ಲಿ ಮೊದಲು ಹುಟ್ಟಿದ ದಿನಾಂಕದ ಸೆಲ್, ಆಮೇಲೆ ಮೇಲುಗಡೆ ಬರೆದಿಟ್ಟ ದಿನಾಂಕದ ಸೆಲ್, ಕೊನೆಗೆ ಡಬಲ್ ಕೋಟ್ ಒಳಗೆ ವೈ. ತುಂಬಿದ ವರ್ಷ ಬರುತ್ತೆ. ವೈ ಬದಲು ಎಂ ಹಾಕಿದರೆ ಒಟ್ಟು ತಿಂಗಳು. 5 ವರ್ಷ 5 ತಿಂಗಳಿಗೆ 65. ದಿನ ಕಳೆದು 365ರಿಂದ ಭಾಗಿಸೋ ಅಡ್ಡದಾರಿ ಹಿಡೀಬೇಡ. 60 ವರ್ಷದಲ್ಲಿ ಸುಮಾರು 15 ಸಲ ಫೆಬ್ರವರಿ 29 ಬಂದಿರುತ್ತೆ, ಅರವತ್ತಕ್ಕೆ ಇನ್ನೆರಡು ವಾರ ಇರೋರಿಗೂ ತುಂಬಿದೆ ಅಂತ ತೋರಿಸಿಬಿಡುತ್ತೆ.

ಸೂತ್ರಕ್ಕಿಂತ ಕಾಟ ಕೊಡೋದು ದಿನಾಂಕ. 12.05.1961 ಅಂತ ಚುಕ್ಕೆ ಇಟ್ಟು ಬರೆಯೋದು ನಮ್ಮ ಕಡೆ ರೂಢಿ. ಎಕ್ಸೆಲ್ ಅದನ್ನು ಬರೀ ಅಕ್ಷರ ಅಂದುಕೊಂಡು ಸೆಲ್‌ನ ಎಡಕ್ಕೆ ಕೂರಿಸುತ್ತೆ. ದಿನಾಂಕ ಅಂತ ಒಪ್ಪಿದ್ದನ್ನು ಬಲಕ್ಕೆ. ಎಡಕ್ಕೆ ಕೂತದ್ದಕ್ಕೆ ಸೂತ್ರ ಹಾಕಿದರೆ ಎರರ್ ಬರುತ್ತೆ, ಕಣ್ಣಿಗೆ ಬೀಳುತ್ತೆ, ಅದರ ಭಯ ಇಲ್ಲ. ಭಯ ಇರೋದು ಕಾಣದ ತಪ್ಪಿನದು. ಕಂಪ್ಯೂಟರ್ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ನೀನು 04-09-1960 ಅಂತ ಹೊಡೆದ ಸೆಪ್ಟೆಂಬರ್ 4, ಸದ್ದಿಲ್ಲದೆ ಏಪ್ರಿಲ್ 9 ಆಗಿರುತ್ತೆ. ಐದು ತಿಂಗಳು ಹೆಚ್ಚುಕಮ್ಮಿ! ಅದಕ್ಕೇ ಕಾಲಮ್ಮಿನ ಫಾರ್ಮ್ಯಾಟ್ ಬದಲಿಸಿ ತಿಂಗಳ ಹೆಸರು ಅಕ್ಷರದಲ್ಲಿ ಕಾಣೋ ಹಾಗೆ ಮಾಡಿಕೋ, ಆಮೇಲೆ ಮೂಲ ದಾಖಲೆ ಪಕ್ಕದಲ್ಲಿಟ್ಟು ಒಂದೊಂದೇ ಸಾಲು ನೋಡು.

ಆಧಾರ್‌ನಲ್ಲಿ ಹುಟ್ಟಿದ ವರ್ಷ ಮಾತ್ರ ಇರೋ ಹಿರಿಯರೂ ಇದ್ದಾರೆ. ಆ ಸೆಲ್‌ನಲ್ಲಿ 1954 ಅಂತಷ್ಟೇ ಹೊಡೆದರೆ, 1900ರಿಂದ ದಿನ ಎಣಿಸೋ ಎಕ್ಸೆಲ್‌ಗೆ ಅದು 1954ನೇ ದಿನ, ಅಂದರೆ 1905ರ ಮೇ 7. ಅಜ್ಜನಿಗೆ ನೂರಿಪ್ಪತ್ತರ ಆಸುಪಾಸು! ಹಾಗಂತ ನೀನೇ ಒಂದು ತಾರೀಖು ಹುಟ್ಟಿಸಬೇಡ, ಬೇರೆ ದಾಖಲೆ ಏನಿದೆ ಅಂತ ಕೇಳು. ನಮ್ಮ ಕಾಲದವರ ಟಿ.ಸಿ. ತೆಗೆದರೆ ಜೂನ್ 1ರಂದು ಹುಟ್ಟಿದವರು ಬೇಕಾದಷ್ಟು ಜನ ಸಿಗ್ತಾರೆ. ಶಾಲೆಗೆ ಸೇರಿಸಿಕೊಳ್ಳುವಾಗ ಮೇಷ್ಟ್ರು ಬರೆದದ್ದು. ಅನುಮಾನ ಬಂದರೂ ತಿದ್ದಬೇಡ, ದಾಖಲೆಯಲ್ಲಿರೋದೇ ಲೆಕ್ಕಕ್ಕೆ.

ಇನ್ನೊಂದು ಸೂತ್ರ ಕಲಿತುಕೋ, ಈಡೇಟ್ ಅಂತ. ಹುಟ್ಟಿದ ದಿನಾಂಕಕ್ಕೆ 720 ತಿಂಗಳು ಸೇರಿಸಿದರೆ 60 ತುಂಬುವ ದಿನ ಬರುತ್ತೆ, ಅದು ಇಂದಿರಾಗಾಂಧಿ ವೃದ್ಧಾಪ್ಯ ವೇತನಕ್ಕೆ. ಸಂಧ್ಯಾ ಸುರಕ್ಷಾಕ್ಕೆ 65, ಅಂದರೆ 780. ಆ ಕಾಲಂ ತಿಂಗಳಿಗೊಮ್ಮೆ ನೋಡಿ, ಮುಂದಿನ ತಿಂಗಳು ಯಾರಿಗೆ ತುಂಬುತ್ತೋ ಅವರ ಮನೆಗೆ ಹೇಳಿ ಕಳಿಸು. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಈಗಲೇ ಹುಡುಕಿ ಇಟ್ಟುಕೊಳ್ಳಲಿ.