ಆರೋಗ್ಯ ಪ್ರಶ್ನೋತ್ತರ: ಎರಡು ರಿಪೋರ್ಟು, ಎರಡು ಮಾತು

ಪ್ರ: ಐದು ತಿಂಗಳ ಗರ್ಭಿಣಿ. ವಿಡಿಆರ್‌ಎಲ್ ‘ರಿಯಾಕ್ಟಿವ್ 1:2’ ಬಂದಿದೆ, ಟಿಪಿಎಚ್‌ಎ ನೆಗೆಟಿವ್. ಯಾವುದನ್ನು ನಂಬಲಿ? ಮನೆಯವರು ಮಾತು ಬಿಟ್ಟಿದ್ದಾರೆ.
– ಹೆಸರು ಬೇಡ, ರಬಕವಿ-ಬನಹಟ್ಟಿ

ಉ: ಮೊದಲು ಮನೆಯವರಿಗೆ ಈ ಉತ್ತರ ಓದಿಸಿ. ವಿಡಿಆರ್‌ಎಲ್ ಸಿಫಿಲಿಸ್ ರೋಗಾಣುವನ್ನೇ ಹುಡುಕುವ ಪರೀಕ್ಷೆ ಅಲ್ಲ. ಜೀವಕೋಶಗಳು ಹಾಳಾದಾಗ ಹೊರಬೀಳುವ ಕಾರ್ಡಿಯೋಲಿಪಿನ್ ಎಂಬ ಕೊಬ್ಬಿನ ವಿರುದ್ಧ ರಕ್ತದಲ್ಲಿ ಹುಟ್ಟುವ ಪ್ರತಿಕಾಯವನ್ನು ಅದು ತೋರಿಸುತ್ತದೆ. ಮಲೇರಿಯಾ, ಕುಷ್ಠ, ಲೂಪಸ್, ಒಮ್ಮೊಮ್ಮೆ ಬರೀ ಬಸಿರೂ ಇದನ್ನು ಹುಟ್ಟಿಸಬಲ್ಲದು. ಟಿಪಿಎಚ್‌ಎ ನೋಡುವುದು ಸಿಫಿಲಿಸ್ ರೋಗಾಣುವಿನ ವಿರುದ್ಧದ ಪ್ರತಿಕಾಯವನ್ನು. ಅದು ನೆಗೆಟಿವ್, ಅಂಕಿಯೂ ಸಣ್ಣದು. ಬಹುಪಾಲು ಇದು ಸುಳ್ಳು ಪಾಸಿಟಿವ್. ಆದರೂ ಸುಮ್ಮನೆ ಕೂಡಬೇಡಿ. ನಾಲ್ಕು ವಾರ ಬಿಟ್ಟು ಎರಡನ್ನೂ ಮತ್ತೆ ಮಾಡಿಸಿ, ಯಜಮಾನರದನ್ನು ಈ ವಾರವೇ. ಹಿಂದೆ ಮೇಲಿಂದ ಮೇಲೆ ಗರ್ಭ ಇಳಿದಿದ್ದರೆ ವೈದ್ಯರಿಗೆ ಹೇಳಿ, ಬೇರೆ ರಕ್ತಪರೀಕ್ಷೆಯೂ ಬೇಕಾದೀತು. ಹುಣ್ಣು, ಗುಳ್ಳೆ ಕಂಡರೆ ನಾಲ್ಕು ವಾರ ಕಾಯುವ ಮಾತೇ ಇಲ್ಲ. ನಿಜವಾದ ಸಿಫಿಲಿಸ್‌ಗೆ ಚಿಕಿತ್ಸೆ ತಪ್ಪಿದರೆ ಕೂಸು ಹೊಟ್ಟೆಯಲ್ಲೇ ಹೋಗಬಹುದು. ಅದಕ್ಕೇ ನನ್ನ ಈ ಹಟ.

ಪ್ರ: ಕಬ್ಬಿನ ಲಾರಿ ಡ್ರೈವರ್. ಎರಡು ವರ್ಷದ ಹಿಂದೆ ವಿಡಿಆರ್‌ಎಲ್ 1:32 ಇತ್ತು. ವಾರಕ್ಕೊಂದರಂತೆ ಮೂರು ಪೆನಿಸಿಲಿನ್ ಇಂಜೆಕ್ಷನ್ ಆದವು. ಈಗ 1:2, ಆದರೆ ಟಿಪಿಎಚ್‌ಎ ಪಾಸಿಟಿವ್ ಹೋಗವಲ್ಲದು. ಆರು ತಿಂಗಳಿಗೊಮ್ಮೆ ಮತ್ತೆ ಇಂಜೆಕ್ಷನ್ ಮಾಡಿಸುತ್ತಿದ್ದೇನೆ. ಇನ್ನೆಷ್ಟು ಬೇಕು?
– ಮುಧೋಳ

ಉ: ಒಂದೂ ಬೇಡ! ಟಿಪಿಎಚ್‌ಎ ನೆಗೆಟಿವ್ ಆಗಲೇಬೇಕೆಂಬ ಈ ಹುಚ್ಚು ನಿಮಗೆ ಯಾರು ಹಚ್ಚಿದರೋ. ಒಮ್ಮೆ ಪಾಸಿಟಿವ್ ಆದ ಟಿಪಿಎಚ್‌ಎ ಹೆಚ್ಚಿನವರಲ್ಲಿ ಸಾಯುವತನಕ ಹಾಗೇ ಇರುತ್ತದೆ. ಸಾಲ ತೀರಿದ ಮೇಲೂ ಸೊಸೈಟಿಯ ದಫ್ತರಿನಲ್ಲಿ ಹೆಸರು ಉಳಿಯುವುದಿಲ್ಲವೇ? ಅದನ್ನು ಅಳಿಸಲೆಂದು ಮತ್ತೆ ಕಂತು ಕಟ್ಟುತ್ತೀರೇನು? ರೋಗ ಇಳಿಯಿತೋ ಏರಿತೋ ಹೇಳುವುದು ವಿಡಿಆರ್‌ಎಲ್ ಅಂಕಿ. 32, 16, 8 – ಎರಡು ಮೆಟ್ಟಿಲು ಇಳಿದರೆ ಔಷಧಿ ನಾಟಿದೆ ಎಂದರ್ಥ. ನಿಮ್ಮದು ನಾಲ್ಕು ಮೆಟ್ಟಿಲು ಇಳಿದಿದೆ. ಕೆಲವರಲ್ಲಿ 1:2 ಅಲ್ಲೇ ನಿಂತುಬಿಡುತ್ತದೆ, ಹೆದರಬೇಕಿಲ್ಲ. ನಾಳೆ 1:4 ಬಂದರೂ ಓಡಿ ಬರಬೇಡಿ, ಒಂದು ಮೆಟ್ಟಿಲಿನ ವ್ಯತ್ಯಾಸ ಪರೀಕ್ಷೆಯದೇ ಇರಬಹುದು. 1:8 ಆದರೆ ಮಾತ್ರ ಬನ್ನಿ, ರೋಗ ಮತ್ತೆ ತಗುಲಿರಬಹುದು. ಒಂದೇ ಲ್ಯಾಬಿನಲ್ಲಿ, ಅದೇ ಪರೀಕ್ಷೆ ಮಾಡಿಸಿ; ಆರ್‌ಪಿಆರ್ ಎಂಬ ಇನ್ನೊಂದು ಪರೀಕ್ಷೆಯ ಅಂಕಿಯನ್ನು ವಿಡಿಆರ್‌ಎಲ್ ಅಂಕಿಗೆ ಹೋಲಿಸಬೇಡಿ. ಹಳೆಯ ರಿಪೋರ್ಟುಗಳನ್ನು ಲಾರಿಯ ಆರ್‌ಸಿಯಷ್ಟೇ ಜೋಪಾನ ಮಾಡಿ. ಇಷ್ಟುದ್ದ ಪತ್ರದಲ್ಲಿ ಹೆಂಡತಿಯ ಪರೀಕ್ಷೆಯ ಸುದ್ದಿಯೇ ಇಲ್ಲ. ಮಾಡಿಸಿ. ನಿಮ್ಮಿಬ್ಬರದೂ ಎಚ್‌ಐವಿ ಪರೀಕ್ಷೆ ಕೂಡ.

ಪ್ರ: ಗುಪ್ತಾಂಗದ ಮೇಲೆ ಹುಣ್ಣಾಗಿ ಎಂಟು ದಿನ. ನೋವಿಲ್ಲ. ಉಷ್ಣವೆಂದು ಎಳನೀರು ಕುಡಿಯುತ್ತಿದ್ದೇನೆ. ವಿಡಿಆರ್‌ಎಲ್ ನೆಗೆಟಿವ್. ನಿಶ್ಚಿಂತೆ ತಾನೇ?
– ಬೀಳಗಿ

ಉ: ಅಲ್ಲ. ನೋವಿಲ್ಲ ಎಂಬುದರಿಂದಲೇ ನನಗೆ ಸಿಫಿಲಿಸ್‌ನ ಅನುಮಾನ. ಹುಣ್ಣೆದ್ದ ಮೊದಲ ವಾರಗಳಲ್ಲಿ ವಿಡಿಆರ್‌ಎಲ್ ನೆಗೆಟಿವ್ ಇರಬಹುದು. ಮೂರರಿಂದ ಆರು ವಾರದಲ್ಲಿ ಹುಣ್ಣು ತಾನಾಗಿ ಮಾಯುತ್ತದೆ, ಹೆಸರು ಎಳನೀರಿಗೆ ಬರುತ್ತದೆ, ರೋಗ ಒಳಗೇ ಉಳಿಯುತ್ತದೆ. ಇವತ್ತೇ ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ಹುಣ್ಣು ತೋರಿಸಿ, ಬರೀ ರಿಪೋರ್ಟನ್ನಲ್ಲ. ಬೀಳಗಿಯಲ್ಲಿ ಗುರುತಿನವರು ಕಂಡಾರು ಎಂಬ ಸಂಕೋಚವಿದ್ದರೆ ಜಮಖಂಡಿಗೋ ಬಾಗಲಕೋಟೆಗೋ ಬಸ್ಸು ಹತ್ತಿ. ಚಿಕಿತ್ಸೆ ಮುಗಿದು ಹುಣ್ಣು ಮಾಯುವವರೆಗೆ ಯಾರೊಂದಿಗೂ ಲೈಂಗಿಕ ಸಂಪರ್ಕ ಬೇಡ.