ಕೀಲಿ ನಟ್ಟಿನ ಕೀಲಿಕೈ ಕಳೆದಿದ್ದರೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಈಗ ಟ್ರ್ಯಾಕ್ಟರಿನ ಪಕ್ಕದಲ್ಲೇ ಸೆಕೆಂಡ್ ಹ್ಯಾಂಡ್ ಕಾರೂ ನಿಂತಿರುತ್ತದೆ. ಅದಕ್ಕೆ ಹೊಳೆಯುವ ಅಲಾಯ್ ಗಾಲಿ ಇದ್ದರೆ ಒಮ್ಮೆ ಬಗ್ಗಿ ನಟ್ಟುಗಳನ್ನು ನೋಡಿ. ನಾಲ್ಕೋ ಐದೋ ನಟ್ಟುಗಳಲ್ಲಿ ಒಂದು ಮಾತ್ರ ಬೇರೆ ತರಹ ಇದ್ದರೆ ಅದೇ ಕೀಲಿ ನಟ್ಟು. ಗಾಲಿ ಕಳುವಾಗಬಾರದೆಂದು ಹಾಕಿದ್ದು. ಸಾಮಾನ್ಯವಾಗಿ ಅದರ ತಲೆ ದುಂಡಗಿದ್ದು, ಹೂವಿನ ಎಸಳಿನಂಥ ಕಚ್ಚುಗಳಿರುತ್ತವೆ. ಆ ಕಚ್ಚಿಗೆ ಸರಿಯಾಗಿ ಕೂಡುವ ಸಣ್ಣ ಕೀಲಿಕೈ ಇಟ್ಟು, ಅದರ ಮೇಲೆ ಪಾನಾ ಹಾಕಿ ತಿರುವಬೇಕು.

ಕಾರು ಕೈ ಬದಲಾಗುವಾಗ ಈ ಕೀಲಿಕೈ ಹಳೆಯ ಮಾಲೀಕನ ಮನೆಯಲ್ಲೇ ಉಳಿಯುವುದುಂಟು. ಗೊತ್ತಾಗೋದು ಪಂಕ್ಚರ್ ಆದ ದಿನ. ನಮ್ಮ ಓಣಿಯವರೊಬ್ಬರು ಬಸುರಿ ಮಗಳನ್ನು ರಾತ್ರಿ ಹುಬ್ಬಳ್ಳಿಗೆ ಕರಕೊಂಡು ಹೊರಟಾಗ ತಡಸದ ಹತ್ತಿರ ಗಾಲಿ ಕೂತಿತು. ಸ್ಟೆಪ್ನಿ, ಜ್ಯಾಕು, ಪಾನಾ ಎಲ್ಲಾ ಇದ್ದವು. ಮೂರು ನಟ್ಟು ಬಿಚ್ಚಿದರು, ನಾಲ್ಕನೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಪುಣ್ಯಕ್ಕೆ ಒಬ್ಬ ಟೆಂಪೋದವನು ನಿಲ್ಲಿಸಿ ಅವರನ್ನು ಆಸ್ಪತ್ರೆಗೆ ಮುಟ್ಟಿಸಿದ. ಮರುದಿನ ಆ ನಟ್ಟು ಬಿಚ್ಚಲು ಗ್ಯಾರೇಜಿನವರ ಜೊತೆ ನಾನೂ ಕೈ ಹಚ್ಚಿದೆ. ಅಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲು ಹುಡುಕಬೇಕು. ಸ್ಟೆಪ್ನಿಯ ಗುಂಡಿ, ಜ್ಯಾಕಿನ ಚೀಲ, ಡ್ಯಾಶ್‌ಬೋರ್ಡಿನ ಡಬ್ಬಿ, ಸೀಟಿನ ಕೆಳಗೆ. ಕಾರಿನ ಕಾಗದಗಳ ಜೊತೆ ಕೀಲಿ ನಟ್ಟಿನ ನಂಬರಿನ ಚೀಟಿ ಇದ್ದರೆ ಅದನ್ನು ಕೊಟ್ಟು ಬೇರೆ ಕೀಲಿಕೈ ತರಿಸಲು ಬರುತ್ತದೆ. ಹಳೆಯ ಮಾಲೀಕನಿಗೆ ಒಂದು ಫೋನು ಮಾಡುವುದು ಎಲ್ಲಕ್ಕಿಂತ ಅಗ್ಗ.

ಸಿಗದಿದ್ದರೆ ಬಲಪ್ರಯೋಗವೇ. ಕಾರನ್ನು ಸಮ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬೇರೆ ಗಾಲಿಗಳಿಗೆ ಕಲ್ಲು ಕೊಡಿ. ಜ್ಯಾಕು ಈಗಲೇ ಬೇಡ. ಗಾಲಿ ನೆಲ ಕಚ್ಚಿದ್ದಾಗಲೇ ನಟ್ಟು ಸಡಿಲಿಸಬೇಕು. ಉಳಿದ ನಟ್ಟುಗಳನ್ನು ಮೊದಲು ಬಿಚ್ಚಬೇಡಿ. ಬಿಚ್ಚಿದರೆ ಎಲ್ಲಾ ಬಿಗುವು ಕೀಲಿ ನಟ್ಟಿನ ಮೇಲೇ ಬಂದು ಅದು ಇನ್ನೂ ಹಿಡಿದುಕೊಳ್ಳುತ್ತದೆ. ಬಿಚ್ಚಿದ್ದರೆ ಮತ್ತೆ ಬಿಗಿ ಮಾಡಿಕೊಳ್ಳಿ.

ಹನ್ನೆರಡು ಮೂಲೆಯ ಹಳೆಯ ಸಾಕೆಟ್ ಒಂದನ್ನು ಆರಿಸಿ. ಅದು ನಟ್ಟಿನ ತಲೆಗಿಂತ ಕೂದಲೆಳೆಯಷ್ಟು ಸಣ್ಣದಿರಬೇಕು. ಸುತ್ತಿಗೆಯಿಂದ ನೆಟ್ಟಗೆ ಹೊಡೆದು ಕೂಡಿಸಿ. ಚೂರು ಸಿಡಿಯಬಹುದು, ಕಣ್ಣಿಗೆ ಕನ್ನಡಕ ಇರಲಿ. ಆಮೇಲೆ ಉದ್ದ ಹಿಡಿಕೆ ಹಾಕಿ ಒಂದೇ ಸಮನೆ ಒತ್ತಬೇಕು, ಜಗ್ಗಾಡಬಾರದು. ನಮ್ಮವರ ನಟ್ಟು ಮೂರನೆಯ ಸಾಕೆಟ್ಟಿಗೆ ಸಡಿಲಾಯಿತು. ಕೆಲವು ನಟ್ಟುಗಳಿಗೆ ಹೊರಗೆ ಸುಮ್ಮನೆ ತಿರುಗುವ ಬಳೆ ಇರುತ್ತದೆ. ಅದನ್ನು ಒಡೆದು ತೆಗೆಯದೆ ಯಾವ ಸಾಕೆಟ್ಟೂ ಹಿಡಿಯದು.

ಇದಕ್ಕೆಂದೇ ಒಳಗೆ ಎಡಕ್ಕೆ ಸುತ್ತಿದ ಹಲ್ಲುಗಳಿರುವ ಸಾಕೆಟ್ಟೂ ಸಿಗುತ್ತದೆ. ಬಿಚ್ಚುವ ಕಡೆ ತಿರುವಿದಷ್ಟೂ ಅದು ನಟ್ಟನ್ನು ಕಚ್ಚುತ್ತದೆ. ಊರಿಗೊಂದು ಗ್ಯಾರೇಜಿನಲ್ಲಿ ಇದ್ದರೆ ಸಾಕು. ಕಡೆಯ ದಾರಿ ಡ್ರಿಲ್ ಮಾಡಿ ನಟ್ಟನ್ನೇ ಕೆಡಿಸುವುದು. ಸ್ಟಡ್ ಹೋದರೆ ಹೊಸದು ಹಾಕಬಹುದು.

ಕೆಲವರು ನಟ್ಟಿನ ಮೇಲೆ ಇನ್ನೊಂದು ನಟ್ಟು ವೆಲ್ಡಿಂಗ್ ಮಾಡಿ ತಿರುವುತ್ತಾರೆ. ನಾನು ಇದಕ್ಕೆ ಒಪ್ಪುವುದಿಲ್ಲ. ಟೈರು ಕೂತಿರುವ ಗಾಲಿಗೆ ಬೆಂಕಿ ತಾಗಿದರೆ ಒಳಗಿನ ರಬ್ಬರು ಕಾದು ಗ್ಯಾಸು ಹುಟ್ಟಿ ಟೈರು ಸಿಡಿಯಬಹುದು. ಟ್ರ್ಯಾಕ್ಟರ್, ಟ್ರೇಲರ್ ಗಾಲಿಗೂ ಇದೇ ಮಾತು. ತುಕ್ಕು ಹಿಡಿದ ನಟ್ಟಿಗೆ ಗ್ಯಾಸ್ ಕಟರ್ ಹಿಡಿಯುವವರನ್ನು ನೋಡಿದ್ದೇನೆ. ಹತ್ತಿರ ನಿಲ್ಲುವ ಧೈರ್ಯ ನನಗಿಲ್ಲ.

ಒಂದು ಬಿಚ್ಚಿದ ಮೇಲೆ ಉಳಿದ ಮೂರು ಗಾಲಿಗಳದ್ದೂ ಅಂದೇ ತೆಗೆಸಿ. ಅದೇ ಥ್ರೆಡ್ಡಿನ, ಅದೇ ಇಳಿಜಾರು ಬುಡದ ಸಾದಾ ನಟ್ಟು ಹಾಕಿ. ಬಿಗಿಯ ಲೆಕ್ಕ ಕಾರಿನ ಪುಸ್ತಕದಲ್ಲಿರುತ್ತದೆ. 100 ನ್ಯೂಟನ್ ಮೀಟರ್ ಎಂದಿದ್ದರೆ, ಒಂದು ಮೀಟರ್ ಹಿಡಿಕೆಯ ತುದಿಗೆ ಸುಮಾರು 10 ಕಿಲೋ ಭಾರ ಹಾಕಿದಷ್ಟು ಬಲ. ಪಾನಾದ ಮೇಲೆ ಹತ್ತಿ ನಿಂತು ತುಳಿಯಬೇಕಿಲ್ಲ. 50 ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಪಾನಾ ಹಾಕಿ ನೋಡಿ.