ಗೋಡೆಯೊಳಗಿನ ರೀಪಿನ ಬೆಲೆ

ಇಂಗ್ಲೆಂಡಿನಲ್ಲಿ ಹಳೇ ಕ್ಯಾರವಾನ್ ಕೊಳ್ಳಲು ಬಂದವರು ಮೊದಲು ನೋಡುವುದು ಪರದೆ, ಸೀಟಿನ ಬಟ್ಟೆ, ಒಲೆ, ಟೈರು. ಬೆಲೆ ಕೂತಿರುವುದು ಬೇರೆ ಕಡೆ. ಹೊರಗಿನ ಅಲ್ಯೂಮಿನಿಯಂ ತಗಡಿಗೂ ಒಳಗಿನ ಮೂರು ಮಿಲಿಮೀಟರ್ ಪ್ಲೈವುಡ್ಡಿಗೂ ನಡುವೆ, ಯಾರ ಕಣ್ಣಿಗೂ ಬೀಳದ ಮರದ ರೀಪುಗಳಿವೆ. ಅವು ಗಟ್ಟಿಯಾಗಿದ್ದರೆ ನಾನು ತೆತ್ತ 900 ಪೌಂಡು ಅಗ್ಗ. ಕುಂಬಾಗಿದ್ದರೆ ಪುಕ್ಕಟೆ ಸಿಕ್ಕರೂ ತುಟ್ಟಿ.

ಇದು ಕಾರಿನ ಹಿಂದೆ ಕಟ್ಟಿ ಎಳೆಯುವ, ಎಂಜಿನ್ ಇಲ್ಲದ ಕ್ಯಾರವಾನಿನ ಮಾತು. ಶೂಟಿಂಗ್ ಜಾಗದಲ್ಲಿ ನಟರಿಗೆಂದು ನಿಲ್ಲಿಸುವ ಬಸ್ಸಿನದಲ್ಲ. ನಾವಿರುವುದು ಹಲ್ ನಗರದ ಪಕ್ಕದಲ್ಲಿ. ಇದು ಕ್ಯಾರವಾನ್ ಕಾರ್ಖಾನೆಗಳ ಸೀಮೆ, ಹಾಗಾಗಿ ಹಳೇ ಬಿಡಿಭಾಗಕ್ಕೂ ಪುಕ್ಕಟೆ ಸಲಹೆಗೂ ಬರವಿಲ್ಲ. ನಮ್ಮದು 1970ರ ದಶಕದ್ದು, ನಾಲ್ಕು ಜನ ಮಲಗಬಹುದು. ಆಗಸ್ಟಿನ ಶಾಲಾ ರಜೆಯಲ್ಲಿ ಸಮುದ್ರ ದಂಡೆಯ ಹೋಟೆಲುಗಳು ಕೇಳುವ ಬಾಡಿಗೆ ನೋಡಿಯೇ ಇದನ್ನು ಕೊಂಡದ್ದು. ಕ್ಯಾರವಾನಿಗೆ ಇಲ್ಲಿ ಪ್ರತ್ಯೇಕ ರಸ್ತೆ ತೆರಿಗೆ ಇಲ್ಲ, ಕಾರಿಗಿರುವಂತೆ ವರ್ಷಕ್ಕೊಮ್ಮೆ ಎಂಒಟಿ ತಪಾಸಣೆಯೂ ಇಲ್ಲ. 2021ರ ಡಿಸೆಂಬರ್ 16ರಿಂದ ಮಾಮೂಲಿ ಕಾರಿನ ಲೈಸೆನ್ಸಿನಲ್ಲೇ 3,500 ಕೆಜಿವರೆಗಿನ ಟ್ರೇಲರ್ ಎಳೆಯಬಹುದು. ನನ್ನಂತೆ ತಡವಾಗಿ ಈ ದೇಶಕ್ಕೆ ಬಂದು, ಇಲ್ಲಿಯೇ ಟೆಸ್ಟ್ ಪಾಸು ಮಾಡಿದವರಿಗೆ ಇದರಿಂದ ಇನ್ನೊಂದು ಪರೀಕ್ಷೆಯ ಫೀಸು ಉಳಿಯಿತು. ಇಷ್ಟೆಲ್ಲ ಕೂಡಿ ಕಳೆದರೆ ಹಳೇ ಕ್ಯಾರವಾನಿನಷ್ಟು ಅಗ್ಗದ ರಜೆ ಇನ್ನೊಂದಿಲ್ಲ ಅನ್ನಿಸುತ್ತದೆ. ಆ ಲೆಕ್ಕದಲ್ಲಿ ಮಳೆಯ ಬಾಬತ್ತು ಸೇರಿರುವುದಿಲ್ಲ, ಅಷ್ಟೆ.

ಶೋಕಿಗೆಂದು ಕಟ್ಟಿದ ಮೊದಲ ಕ್ಯಾರವಾನುಗಳು ಶ್ರೀಮಂತರವು. 1885ರಲ್ಲಿ ಡಾ. ಗಾರ್ಡನ್ ಸ್ಟೇಬಲ್ಸ್ ಎಂಬ ಲೇಖಕ ಬ್ರಿಸ್ಟಲ್ಲಿನಲ್ಲಿ ಮಾಡಿಸಿಕೊಂಡ 'ವಾಂಡರರ್' ಎಳೆಯಲು ಕುದುರೆಗಳು ಬೇಕಿದ್ದವು. ಎರಡನೇ ಮಹಾಯುದ್ಧದ ನಂತರ, 1949ರಲ್ಲಿ, ಸ್ಯಾಮ್ ಆಲ್ಪರ್ ಎಂಬಾತ 'ಸ್ಪ್ರೈಟ್' ತಂದ. ಸಾಮಾನ್ಯ ಸಂಬಳದವರೂ ಕೊಳ್ಳುವಂಥದ್ದು, ಚಿಕ್ಕ ಕಾರೂ ಎಳೆಯುವಂಥದ್ದು. ಅಗ್ಗವಾಗಬೇಕು, ಹಗುರಾಗಬೇಕು ಎಂದಮೇಲೆ ತೆಳ್ಳನೆ ರೀಪು, ತೆಳ್ಳನೆ ತಗಡು, ನಡುವೆ ಥರ್ಮಾಕೋಲಿನಂಥ ಹಾಳೆ. ಒಟ್ಟಾರೆ ಈ ಕಸುಬು ದಶಕಗಟ್ಟಲೆ ನಡೆದದ್ದು ಹೀಗೆ. ತಗಡಿಗೆ ತಗಡು ಕೂಡುವ ಮೂಲೆಯುದ್ದಕ್ಕೂ ಒಂದು ಅಲ್ಯೂಮಿನಿಯಂ ಪಟ್ಟಿ, ಅದರ ಕೆಳಗೆ ಮ್ಯಾಸ್ಟಿಕ್ ಎಂಬ ಮೇಣ, ಮೇಲಿಂದ ಸಾಲಾಗಿ ಸ್ಕ್ರೂ. ಅಂದರೆ ಮಾಡಿನ ಅಂಚಿನ ತುಂಬ ತೂತುಗಳು; ಪ್ರತಿಯೊಂದನ್ನೂ ಕಾಯುತ್ತಿರುವುದು ಆ ಮೇಣ. ಹದಿನೈದು ಇಪ್ಪತ್ತು ವರ್ಷಕ್ಕೆ ಮೇಣ ಒಣಗಿ ಬಿರುಕು ಬಿಡುತ್ತದೆ, ಸ್ಕ್ರೂ ತುಕ್ಕು ಹಿಡಿಯುತ್ತದೆ. ಐವತ್ತು ದಾಟಿದ ಗಾಡಿ ಸೋರುವುದಿಲ್ಲ ಎಂದು ಮಾರುವವನು ಹೇಳಿದರೆ, ಯಾವ ವರ್ಷ ಮೇಣ ಬದಲಿಸಿದಿರಿ ಎಂದು ಕೇಳಿ. ಉತ್ತರ ಬರದಿದ್ದರೆ ಆ ಖರ್ಚು ನಿಮ್ಮದು. ಬೆಲೆಯಲ್ಲಿ ಅದನ್ನು ಮುರಿದುಕೊಳ್ಳಿ.

ಸಾಗರದಲ್ಲಿರುವ ಅಪ್ಪಯ್ಯನಿಗೆ ಫೋನಿನಲ್ಲಿ ಇದನ್ನು ವಿವರಿಸುವುದು ಕಷ್ಟವಾಗಲಿಲ್ಲ. ಹೆಂಚಿನ ಮನೆಯಲ್ಲಿ ಒಡೆದ ಹೆಂಚು ಒಂದು ಕಡೆ, ಪಕಾಸಿನ ಗುಂಟ ಇಳಿದು ನೀರು ತೊಟ್ಟಿಕ್ಕುವುದು ಇನ್ನೊಂದು ಕಡೆ. 'ತೊಟ್ಟಿಕ್ಕುವಲ್ಲಿ ಪಾತ್ರೆ ಇಡು ಮಾರಾಯ, ಏಣಿ ಇಡೋದು ಬೇರೆ ಕಡೆ' ಎಂದರು. ನಮ್ಮ ಕ್ಯಾರವಾನಿನಲ್ಲಿ ಮೆತ್ತಗಾಗಿದ್ದದ್ದು ಮುಂದಿನ ಕಿಟಕಿಯ ಕೆಳಗಿನ ಮೂಲೆ. ನೀರು ಒಳ ಬರುತ್ತಿದ್ದದ್ದು ಅದಕ್ಕಿಂತ ನಾಲ್ಕಡಿ ಮೇಲೆ, ಮಾಡಿನ ಪಟ್ಟಿಯ ತಿರುವಿನಲ್ಲಿ. ಮೂಲೆಯ ಪ್ಲೈವುಡ್ ಬದಲಿಸಿ ಹೊಸ ವಾಲ್‌ಪೇಪರ್ ಅಂಟಿಸಿದ್ದರೆ ಮುಂದಿನ ಚಳಿಗಾಲಕ್ಕೆ ಅದೂ ಬೂಸ್ಟು ಹಿಡಿಯುತ್ತಿತ್ತು. ಮಾರುವ ಮುನ್ನ ಹಲವರು ಮಾಡುವುದು ಇಷ್ಟೇ. ಒಳಗೆ ಎಲ್ಲ ಹಳತು, ಒಂದು ಮೂಲೆ ಮಾತ್ರ ಹೊಸತು ಕಂಡರೆ ನಾನು ಅಲ್ಲಿಂದಲೇ ಹೊರಡುತ್ತೇನೆ.

ತೇವ ಅಳೆಯುವ ಎರಡು ಮುಳ್ಳಿನ ಮೀಟರಿಗೆ 25 ಪೌಂಡು ಕೊಟ್ಟೆ. ಇಡೀ ವ್ಯವಹಾರದಲ್ಲಿ ಹೆಚ್ಚು ದುಡಿದದ್ದು ಈ ದುಡ್ಡೇ. ಇಲ್ಲಿಯ ವರ್ಕ್‌ಶಾಪುಗಳ ರೂಢಿಯಲ್ಲಿ ಶೇ. 15ರ ಒಳಗಿದ್ದರೆ ನಿಶ್ಚಿಂತೆ. 15ರಿಂದ 20 ಇದ್ದರೆ ಕಣ್ಣಿಟ್ಟಿರಬೇಕು. 20 ದಾಟಿದರೆ ಮರ ಕೊಳೆಯುವ ಶಿಲೀಂಧ್ರಕ್ಕೆ ದಾರಿ. 30ರ ಮೇಲೆ ಹೋದರೆ ಒಳಗೆ ಏನೋ ಕೆಟ್ಟಿದೆ ಎಂದೇ ಲೆಕ್ಕ. ಮುಳ್ಳು ಚುಚ್ಚಿದ ಗುರುತು ಕಾಣದಂತೆ ಕಪಾಟಿನ ಒಳಗೆ, ಮಂಚದ ಪೆಟ್ಟಿಗೆಯ ಹಿಂದೆ ಅಳೆಯಬೇಕು. ಒಂದು ಸಲದ ಅಂಕಿಯನ್ನು ನಂಬುವುದು ಬೇಡ. ಒಣ ವಾರದಲ್ಲಿ 17 ಇದ್ದದ್ದು ಜಡಿಮಳೆಯ ಮರುದಿನ 26 ಆದರೆ ಅದು ಸೋರಿಕೆ. ಎರಡೂ ಸಲ 18 ಇದ್ದರೆ ಒಳಗಿನ ಗಾಳಿಯ ಪಸೆ ಇರಬಹುದು.

ಈ ಒಳಗಿನ ಪಸೆಗೆ ನಮ್ಮ ಅನ್ನ–ಸಾರಿನ ಸಂಸಾರದ ಕಾಣಿಕೆ ಸಣ್ಣದಲ್ಲ. ಕುಕ್ಕರಿನ ಹಬೆ ಕಣ್ಣಿಗೆ ಕಾಣುತ್ತದೆ. ಗ್ಯಾಸು ಉರಿದಾಗ ಹುಟ್ಟುವ ನೀರು ಕಾಣುವುದಿಲ್ಲ. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಾವಿ. 6 ಕೆಜಿ ಸಿಲಿಂಡರ್ ಒಲೆಯಲ್ಲೇ ಖಾಲಿಯಾದರೆ ಹತ್ತಿರ ಹತ್ತಿರ ಹತ್ತು ಲೀಟರ್ ನೀರನ್ನು ಆ ಪುಟ್ಟ ಕೋಣೆಯ ಗಾಳಿಗೆ ಸುರಿದಂತೆ. ರಾತ್ರಿ ಅದು ತಣ್ಣನೆಯ ಕಿಟಕಿಯ ಮೇಲೆ, ಕಪಾಟಿನ ಹಿಂಬದಿಯಲ್ಲಿ ಹನಿಗಟ್ಟುತ್ತದೆ. ಹೊಗೆಕೊಳವೆ ಇರುವ ಹೀಟರಿನದಾದರೆ ಹೊರಗೆ ಹೋಗುತ್ತದೆ. ಇದಕ್ಕೆ ಔಷಧಿ ಮಾಡಿನ ಕಿಂಡಿ ತೆರೆದಿಡುವುದು. ಖರ್ಚು ಸೊನ್ನೆ, ಚಳಿ ಮಾತ್ರ ಉಚಿತ. ನೆಲದಲ್ಲಿರುವ ತೂತುಗಳಿಂದ ಗಾಳಿ ಬರುತ್ತದೆಂದು ಕೆಲವರು ಬಟ್ಟೆ ತುರುಕುತ್ತಾರೆ. ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಕೆಳಗೆ ಇಳಿದು ಹೋಗಲೆಂದೇ ಆ ತೂತು ಇರುವುದು. ಅದನ್ನು ಮಾತ್ರ ಮುಚ್ಚಲೇಬಾರದು.

ಖರ್ಚಿನ ಕ್ರಮದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಮೊದಲು ನೀರು ಬರುವ ದಾರಿ ಮುಚ್ಚು, ಆಮೇಲೆ ಒಣಗಿಸು, ಆಮೇಲೆ ಮರ, ಕಡೆಗೆ ಬಣ್ಣ. ದಾರಿ ಹುಡುಕಲು ವರ್ಕ್‌ಶಾಪಿನವರು ಒಳಗೆ ಸ್ವಲ್ಪ ಒತ್ತಡದ ಗಾಳಿ ತುಂಬಿ, ಹೊರಗಿನಿಂದ ಸೋಪಿನ ನೀರು ಚಿಮುಕಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಾರೆ. ನಾವು ಪೈಪಿನಲ್ಲಿ ನೀರು ಬಿಟ್ಟೇ ಹುಡುಕಿದೆವು. ಕೆಳಗಿನಿಂದ ಶುರುಮಾಡಿ ನಿಧಾನ ಮೇಲೆ ಹೋಗಬೇಕು. ಮೇಲಿಂದ ಸುರಿದರೆ ಎಲ್ಲ ಕಡೆಯೂ ಒದ್ದೆಯಾಗಿ ಏನೂ ತಿಳಿಯದು. ಹೆಂಡತಿ ಒಳಗೆ ಟಾರ್ಚ್ ಹಿಡಿದು ಕೂತಿದ್ದಳು. 'ನಿಲ್ಲಿಸ್ರೀ' ಎಂದು ಅವಳು ಕೂಗಿದ ಜಾಗಕ್ಕೆ ಟೇಪು ಅಂಟಿಸಿ ಗುರುತು ಮಾಡಿದೆ.

ಪಟ್ಟಿ ಬಿಚ್ಚಿ, ಹಳೇ ಮೇಣವನ್ನು ಪ್ಲಾಸ್ಟಿಕ್ ಉಳಿಯಿಂದ ಕೆರೆದು, ವೈಟ್ ಸ್ಪಿರಿಟ್‌ನಿಂದ ಒರೆಸಿ, ಬ್ಯುಟೈಲ್ ಪಟ್ಟಿ ಹಾಕಿ, ಸ್ಟೇನ್‌ಲೆಸ್ ಸ್ಕ್ರೂ ಬಿಗಿದೆವು. ಸಾಮಾನು ನೂರು ಪೌಂಡಿನ ಒಳಗೇ ಮುಗಿಯಿತು; ಹೋದದ್ದು ವಾರಾಂತ್ಯಗಳು. ಮನೆಯ ಸ್ನಾನದ ಕೋಣೆಗೆ ಬಳಿಯುವ ಸಿಲಿಕೋನ್ ಟ್ಯೂಬು ಇದಕ್ಕಿಂತ ಅಗ್ಗ, ಕೆಲಸವೂ ಬೇಗ. ಆದರೆ ಸಿಲಿಕೋನ್ ಬಳಿದ ಜಾಗಕ್ಕೆ ಮುಂದೆ ಸರಿಯಾದ ಮೇಣ ಕಚ್ಚುವುದೇ ಇಲ್ಲ. ಪಕ್ಕದ ಬೀದಿಯಲ್ಲಿ ಕ್ಯಾರವಾನ್ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಅಜ್ಜ ಇದ್ದಾರೆ. ಪಟ್ಟಿಯ ಹೊರಗಡೆ ಸಿಲಿಕೋನ್ ಮೆತ್ತಿದ ಗಾಡಿ ಕಂಡರೆ ಅವರು ಬೆಲೆ ಕೇಳುವುದೇ ಇಲ್ಲ.

ಒಣಗಿಸುವ ಯಂತ್ರದಲ್ಲಿ ಎರಡು ಜಾತಿ. ಫ್ರಿಜ್ಜಿನ ತತ್ವದ್ದು ಅಗ್ಗಕ್ಕೆ ಸಿಗುತ್ತದೆ, ಚಳಿಯಲ್ಲಿ ಬಹುತೇಕ ಸುಮ್ಮನಾಗುತ್ತದೆ. ಡೆಸಿಕೆಂಟ್ ಎಂಬ ಜಾತಿಯದು ಚಳಿಯಲ್ಲೂ ನೀರು ಹೀರುತ್ತದೆ. ನಾನು 160 ಪೌಂಡು ಕೊಟ್ಟೆ, ಕರೆಂಟ್ ಬಿಲ್ಲೂ ತುಸು ಏರಿತು. ಸೋರಿಕೆ ನಿಲ್ಲಿಸದೆ ಇದನ್ನು ಹಚ್ಚಿಟ್ಟರೆ ಯಾರ್ಕ್‌ಶೈರಿನ ಮಳೆಯನ್ನು ಒಣಗಿಸಲು ಹೊರಟಂತೆ.

ಇನ್ನು ಮರ. ವರ್ಕ್‌ಶಾಪಿನಲ್ಲಿ ಕೇಳಿದಾಗ ಮುಂಭಾಗಕ್ಕೆ 2,600 ಪೌಂಡು ಎಂದರು. ಪೌಂಡಿಗೆ ನೂರು ರೂಪಾಯಿಯ ಮೇಲೆಯೇ ಇದೆ, ಊರಿನ ಲೆಕ್ಕ ಹಾಕಿಕೊಳ್ಳಿ. ಅದರಲ್ಲಿ ಮರದ ಬೆಲೆ ತೀರಾ ಸ್ವಲ್ಪ, ಉಳಿದದ್ದೆಲ್ಲ ಗಂಟೆಯ ಕೂಲಿ. ಗೋಡೆ ಬಿಚ್ಚಿದ ಮೇಲೆ ಇನ್ನಷ್ಟು ಕಂಡರೆ ಹೆಚ್ಚಾಗುತ್ತದೆ ಎಂದೂ ಬರೆದುಕೊಟ್ಟರು. ಅವರದೇನೂ ಮೋಸವಲ್ಲ, ಬಿಚ್ಚದೆ ಯಾರಿಗೂ ಗೊತ್ತಾಗದು. ಆದ್ದರಿಂದ ಬಿಚ್ಚುವ ಮೊದಲೇ ನಾವಿಬ್ಬರೂ ಒಂದು ಮಿತಿ ಹಾಕಿಕೊಂಡೆವು: ಕೊಂಡ ಬೆಲೆಯೂ ಸೇರಿ 2,000 ಪೌಂಡು. ಅದು ದಾಟುವಂತಿದ್ದರೆ ಒಲೆ, ಕಿಟಕಿ, ಚಕ್ರಗಳನ್ನು ಬಿಡಿಬಿಡಿಯಾಗಿ ಮಾರುವುದು. ಬಿಚ್ಚಿದ ಮೇಲೆ ಮಿತಿ ಹಾಕಲಾಗದು. ಅರ್ಧ ಗೋಡೆ ಇಲ್ಲದ ಗಾಡಿಗೆ ಗಿರಾಕಿ ಇಲ್ಲ; 'ಇಷ್ಟು ಹಾಕಿದ್ದೇವೆ, ಇನ್ನೊಂದಿಷ್ಟು' ಎನ್ನುವ ಬಾಯಿ ಆಗಲೇ ತೆರೆಯುವುದು. ನಮಗೆ ಎರಡು ಅಡ್ಡ ರೀಪು, ಒಂದು ಮೂಲೆಗಂಬ ಮಾತ್ರ ಲಡ್ಡಾಗಿ ಸಿಕ್ಕವು. ಔಷಧಿ ಹೊಡೆದ ಪೈನ್ ರೀಪು ತಂದು ಅಜ್ಜನ ಮಾರ್ಗದರ್ಶನದಲ್ಲಿ ನಾವೇ ಕೂರಿಸಿದೆವು. ಒಲೆಯ ಹಿಂದಿನ ಬೂದು ಹಾಳೆಯನ್ನು ಮಾತ್ರ ಮುಟ್ಟಲಿಲ್ಲ. ಬ್ರಿಟನ್ ಆಸ್ಬೆಸ್ಟಾಸನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಅದಕ್ಕೂ ಹಿಂದಿನ ಗಾಡಿಗಳಲ್ಲಿ ಬೆಂಕಿಯ ಹತ್ತಿರದ ಹಾಳೆ ಅದೇ ಇರಬಹುದು. ಚೂರು ಕತ್ತರಿಸಿ ನೋಡುವ ಸಾಹಸಕ್ಕಿಂತ ಪ್ರಯೋಗಾಲಯದ ಫೀಸು ಅಗ್ಗ.

ವಿಮೆ ಇದೆಯಲ್ಲ ಎನ್ನುತ್ತಾರೆ. ಬಿರುಗಾಳಿಗೆ ಕೊಂಬೆ ಬಿದ್ದು ಮಾಡು ಒಡೆದರೆ ವಿಮೆ ಕೊಟ್ಟೀತು. ಮೇಣ ಒಣಗಿ ವರ್ಷಾನುಗಟ್ಟಲೆ ನೀರು ಜಿನುಗಿದ್ದಕ್ಕೆ ಸಾಮಾನ್ಯವಾಗಿ ಇಲ್ಲ. ಕ್ರಮೇಣ ಆದ ಹಾನಿ ಎಂಬ ಸಾಲು ಪಾಲಿಸಿಯ ಹೊರಗಿಟ್ಟ ಪಟ್ಟಿಯಲ್ಲೇ ಇರುತ್ತದೆ. ಹಳೇ ಗಾಡಿಯವರು ಕೇಳಬೇಕಾದ್ದು 'ಒಪ್ಪಿದ ಮೌಲ್ಯ'ದ ಪಾಲಿಸಿ. ಇಲ್ಲದಿದ್ದರೆ ಮಾರುಕಟ್ಟೆ ಬೆಲೆ ಎಂದು ಜುಜುಬಿ ಮೊತ್ತ ಕೈಗಿಡುತ್ತಾರೆ, ನಿಮ್ಮ ಹೊಸ ರೀಪಿಗೆ ಅಲ್ಲಿ ಕಿಮ್ಮತ್ತಿಲ್ಲ. ಕ್ಯಾರವಾನುಗಳ ನೋಂದಣಿ ಪದ್ಧತಿ ಇಲ್ಲಿ ಬಂದದ್ದೇ 1992ರಲ್ಲಿ. ನಮ್ಮಂಥ ಹಳೇ ಗಾಡಿಗೆ ಹುಟ್ಟಿದ ಪತ್ರವೂ ಇರುವುದಿಲ್ಲ. ಆದ್ದರಿಂದ ಬಿಚ್ಚಿದ ಗೋಡೆಯ ಫೋಟೊ, ಬಿಲ್ಲು, ತಿಂಗಳ ಮೀಟರಿನ ಅಂಕಿ ಎಲ್ಲ ಒಂದು ನೋಟುಬುಕ್ಕಿನಲ್ಲಿವೆ. ಮಾರುವಾಗ ಪರದೆಗಿಂತ ಅದಕ್ಕೇ ಹೆಚ್ಚು ಬೆಲೆ ಬರುತ್ತದೆಂದು ನನ್ನ ಅಂದಾಜು.

ಈಗ ಉಳಿದಿರುವ ಚರ್ಚೆ ಜಾಗದ್ದು. ಬಯಲಿನಲ್ಲಿ ನಿಲ್ಲಿಸಲು ವರ್ಷಕ್ಕೆ 300 ಪೌಂಡು, ರೈತನ ಕೊಟ್ಟಿಗೆಯ ಸೂರಿನಡಿ 480. ನೀಲಿ ಟಾರ್ಪಾಲು ಹೊದಿಸಿ 180 ಉಳಿಸೋಣವೆಂದರೆ ಅದು ಒಳಗಿನ ಪಸೆಯನ್ನು ಹೊರಬಿಡುವುದಿಲ್ಲ, ಗಾಳಿಗೆ ಬಡಿದು ಕಿಟಕಿಯ ಅಕ್ರಿಲಿಕ್ಕನ್ನು ಗೀಚುತ್ತದೆ. ಗಾಳಿಯಾಡುವ ಹೊದಿಕೆಯ ಬೆಲೆ ಒಂದು ವರ್ಷದ ವ್ಯತ್ಯಾಸಕ್ಕಿಂತ ಹೆಚ್ಚು, ಅದೂ ಕೆಲವು ವರ್ಷಕ್ಕೆ ಹರಿಯುತ್ತದೆ. ಸೂರಿನಡಿ ನಿಂತ ಗಾಡಿಗೆ ಆರು ತಿಂಗಳು ಮಳೆಯೇ ಬೀಳುವುದಿಲ್ಲ. ಅಕ್ಟೋಬರಿನಿಂದ ರೈತ 520 ಕೇಳುತ್ತಿದ್ದಾನೆ. ಮೂರು ತಿಂಗಳ ಬಾಡಿಗೆ ಮುಂಗಡ ಕೊಟ್ಟರೆ ಹಳೇ ದರಕ್ಕೇ ಬಿಡುತ್ತೀಯಾ ಎಂದು ಹೆಂಡತಿ ಅವನೊಡನೆ ಮಾತು ನಡೆಸಿದ್ದಾಳೆ.